ನೊಣದ ಮೈಯೊಳಗೊಂದು ಗಡಿಯಾರ

ವಿದ್ಯಾರ್ಥಿಗಳೇ, ನಮ್ಮ ಚಂದಕವಾಡಿ ಕಡೆ ಬಾಳೆಗೇನೂ ಬರವಿಲ್ಲ. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಕೆಂಪು ಕಣ್ಣಿನ ಪುಟ್ಟ ನೊಣಗಳನ್ನು ನೀವು ಕಂಡೇ ಇರುತ್ತೀರಿ. ಇವು ಹಣ್ಣಿನ ನೊಣಗಳು. ವಿಜ್ಞಾನಿಗಳು ಇವನ್ನು ಡ್ರೊಸೋಫಿಲ ಎನ್ನುತ್ತಾರೆ. ಗ್ರೀಕ್ ಮೂಲದ ಈ ಪದಕ್ಕೆ ‘ಇಬ್ಬನಿಯನ್ನು ಪ್ರೀತಿಸುವುದು’ ಎಂದು ಅರ್ಥ. ಹೆಸರು ಎಷ್ಟು ಸರಿಯಾಗಿದೆ ನೋಡಿ! ಮೊಟ್ಟೆ, ಹುಳು, ಕೋಶ ಈ ಹಂತಗಳನ್ನು ದಾಟಿದ ನೊಣ ಕೋಶದಿಂದ ಹೊರಬರುವುದು ಹೆಚ್ಚಾಗಿ ಬೆಳಗಾಗುವ ಹೊತ್ತಿಗೆ. ಆಗ ಗಾಳಿ ತೇವವಾಗಿರುತ್ತದೆ. ಮೆತ್ತಗಿರುವ ರೆಕ್ಕೆಗಳು ಒಣಗಿಹೋಗುವ ಮೊದಲೇ ಬಿಚ್ಚಿಕೊಳ್ಳುತ್ತವೆ. ಮನೆಯಲ್ಲಿ ರೇಷ್ಮೆ ಬಲ್ಲವರಿದ್ದರೆ ಕೇಳಿ, ಬಿತ್ತನೆ ಗೂಡಿನಿಂದ ಚಿಟ್ಟೆ ಹೊರಬರುವುದೂ ಬೆಳಿಗ್ಗೆಯೇ.

ಕೋಶದೊಳಗಿರುವ ನೊಣಕ್ಕೆ ಬೆಳಗಾಯಿತೆಂದು ತಿಳಿಸುವವರು ಯಾರು? ಬೆಳಕು ಎನ್ನುವಿರಾ? ಹಗಲು ರಾತ್ರಿ ಕಂಡು ಬೆಳೆದ ಹುಳುಗಳನ್ನು ಆಮೇಲೆ ಪೂರ್ತಿ ಕತ್ತಲೆಯಲ್ಲಿಟ್ಟರೂ ನೊಣಗಳು ಸುಮಾರು 24 ಗಂಟೆಗೊಮ್ಮೆ ಗುಂಪಾಗಿ ಹೊರಬರುತ್ತವೆ. ಎಂದರೆ ಗಡಿಯಾರ ಮೈಯೊಳಗೇ ಇದೆ.

ಅಮೆರಿಕದ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಜರ್ 1971ರಲ್ಲಿ ಗಡಿಯಾರ ಕೆಟ್ಟ ಮೂರು ಬಗೆಯ ನೊಣಗಳ ಬಗ್ಗೆ ಬರೆದರು. ಒಂದರ ‘ದಿನ’ 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರರಲ್ಲೂ ಬದಲಾಗಿದ್ದುದು ಒಂದೇ ವಂಶವಾಹಿ. ಅದರ ಹೆಸರು ‘ಪೀರಿಯಡ್’ (ನಿಮ್ಮ ಗಣಿತದ ಪೀರಿಯಡ್ ಅಲ್ಲ!). ನೀರಿನ ತೊಟ್ಟಿ ತುಂಬಿದಾಗ ತೇಲುವ ಚೆಂಡು ಮೇಲೆದ್ದು ನೀರನ್ನು ನಿಲ್ಲಿಸುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ಈ ವಂಶವಾಹಿಯ ಸೂಚನೆಯಂತೆ ತಯಾರಾದ ಪ್ರೋಟೀನು ರಾತ್ರಿ ಜೀವಕೋಶದಲ್ಲಿ ಹೆಚ್ಚುತ್ತದೆ, ಕೋಶಕೇಂದ್ರಕ್ಕೆ ಹೋಗಿ ತನ್ನದೇ ವಂಶವಾಹಿಯ ಕೆಲಸವನ್ನು ತಡೆಯುತ್ತದೆ. ಮುಂದೆ ಪ್ರೋಟೀನು ಒಡೆದು ಕಡಿಮೆಯಾದಾಗ ಕೆಲಸ ಮತ್ತೆ ಆರಂಭ. ಒಂದು ಸುತ್ತಿಗೆ ಸುಮಾರು 24 ಗಂಟೆ. ಇದನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ವಂಶವಾಹಿ ಎಂದರೆ ಡಿಎನ್‌ಎಯಲ್ಲಿರುವ ಬರಹ. ಪೀಳಿಗೆಯಿಂದ ಪೀಳಿಗೆಗೆ ನಕಲಾಗುವಾಗ ಅದರಲ್ಲಿ ಆಗೊಮ್ಮೆ ಈಗೊಮ್ಮೆ ಬದಲಾವಣೆ ಆಗುತ್ತದೆ. ಪೀರಿಯಡ್ ಪ್ರೋಟೀನಿನ ಒಂದು ಕಡೆ ಥ್ರಿಯೋನಿನ್, ಗ್ಲೈಸಿನ್ ಎಂಬ ಅಮೈನೋ ಆಮ್ಲಗಳ ಜೋಡಿ ಮಣಿಸರದ ಹಾಗೆ ಮತ್ತೆ ಮತ್ತೆ ಬರುತ್ತದೆ. ಯೂರೋಪಿನ ನೊಣಗಳಲ್ಲಿ ಹೆಚ್ಚಾಗಿ ಕಾಣುವುದು 17 ಅಥವಾ 20 ಜೋಡಿ. ಬೆಚ್ಚನೆಯ ದಕ್ಷಿಣದಲ್ಲಿ 17 ಹೆಚ್ಚು. ಉತ್ತರದ ಚಳಿಗೆ ಹೋದಂತೆ 20 ಹೆಚ್ಚುತ್ತದೆ. ಚಳಿ ಸೆಕೆ ಬದಲಾದರೂ 20 ಜೋಡಿಯ ನೊಣದ ಗಡಿಯಾರ ಅಷ್ಟಾಗಿ ಹಿಂದೆ ಮುಂದೆ ಆಗುವುದಿಲ್ಲ. ಆಯಾ ಊರಿನ ಹವೆಗೆ ಹೊಂದುವ ಬರಹ ಅಲ್ಲಲ್ಲಿ ಉಳಿದುಕೊಂಡಿದೆ ಎಂಬುದು ವಿಜ್ಞಾನಿಗಳ ವಿವರಣೆ. ಇದೇ ವಿಕಾಸ.

ವಿಕಾಸವನ್ನು ಬಾಟಲಿಯಲ್ಲಿ ನೋಡಲು ಸಾಧ್ಯವೇ? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಮತ್ತು ಸಂಗಡಿಗರು ನೋಡಿದರು. ರೈತರು ಬಿತ್ತನೆಗೆ ರಾಗಿಯ ತೆನೆ ಆರಿಸುವಂತೆ, ಕೆಲವು ಗುಂಪುಗಳಲ್ಲಿ ಬೆಳಿಗ್ಗೆ ಹೊರಬಂದ ನೊಣಗಳನ್ನು, ಕೆಲವದರಲ್ಲಿ ಸಂಜೆ ಬಂದವನ್ನು ಮಾತ್ರ ಮುಂದಿನ ಪೀಳಿಗೆಗೆ ಉಳಿಸಿಕೊಂಡರು. ಹೀಗೆ 50ಕ್ಕೂ ಹೆಚ್ಚು ಪೀಳಿಗೆ ಕಳೆದಾಗ ಬೆಳಗಿನ ಗುಂಪಿನ ಗಡಿಯಾರದ ಸುತ್ತು ಚಿಕ್ಕದಾಗಿತ್ತು, ಸಂಜೆಯದರದು ದೊಡ್ಡದಾಗಿತ್ತು. ಯಾವ ನೊಣವೂ ಬೇಗ ಏಳುವುದನ್ನು ‘ಕಲಿಯಲಿಲ್ಲ’. ಮೊದಲೇ ಇದ್ದ ಸಣ್ಣ ವ್ಯತ್ಯಾಸಗಳಲ್ಲಿ ಒಂದು ಬಗೆ ಉಳಿಯಿತು, ಅಷ್ಟೆ. (ಉತ್ತರ ಪತ್ರಿಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ!)

ಅದೇ ಕೇಂದ್ರದಿಂದ 1999ರಲ್ಲಿ ಬಂದ ಇನ್ನೊಂದು ಫಲಿತಾಂಶ ನನಗೆ ಇದಕ್ಕಿಂತ ಬೆರಗು ತರುತ್ತದೆ. 600ಕ್ಕೂ ಹೆಚ್ಚು ಪೀಳಿಗೆಗಳಿಂದ ಸದಾ ಬೆಳಕಿನಲ್ಲೇ ಇದ್ದ, ರಾತ್ರಿಯನ್ನೇ ಕಾಣದ ನೊಣಗಳವು. ಮನುಷ್ಯರ ಲೆಕ್ಕದಲ್ಲಿ, ಪೀಳಿಗೆಗೆ 25 ವರ್ಷವೆಂದರೆ, 15,000 ವರ್ಷ! ಅವುಗಳ ಸಂತತಿಯನ್ನು ಕತ್ತಲೆಗೆ ತಂದಾಗ ಗಡಿಯಾರ ನಡೆಯುತ್ತಲೇ ಇತ್ತು. ಬೇಡದ ಗಡಿಯಾರ ಏಕೆ ಅಳಿಯಲಿಲ್ಲ? ಮೈಯೊಳಗಿನ ಬೇರೆ ಕೆಲಸಗಳನ್ನು ಹೊಂದಿಸಲು ಅದು ಬೇಕಾಗಿರಬಹುದೇ? ತರಗತಿಯಲ್ಲಿ ಚರ್ಚಿಸಿ.

ಮಾಡಿ ನೋಡಿ: ಎರಡು ಬಾಟಲಿಗಳಲ್ಲಿ ಕಳಿತ ಬಾಳೆಹಣ್ಣು ಇಡಿ. ನೊಣಗಳು ಬಂದು ಎರಡು ದಿನವಾದ ಮೇಲೆ ಅವನ್ನು ಹೊರಬಿಟ್ಟು ಬಾಯಿಗೆ ಬಟ್ಟೆ ಕಟ್ಟಿ. ಇರುವೆ ಹತ್ತದಂತೆ ನೀರಿನ ತಟ್ಟೆಯಲ್ಲಿಡಿ. ಒಳಗೋಡೆಯಲ್ಲಿ ಕಂದು ಕೋಶಗಳು ಕಂಡಾಗ ಒಂದು ಬಾಟಲಿಯನ್ನು ರಟ್ಟಿನ ಡಬ್ಬಿಯಿಂದ ಮುಚ್ಚಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊಸ ನೊಣಗಳನ್ನು ಎಣಿಸಿ ಹೊರಬಿಡಿ. ಡಬ್ಬಿಯೊಳಗಿನದನ್ನು ಮಬ್ಬು ಬೆಳಕಿನಲ್ಲಿ ಬೇಗನೆ ಎಣಿಸಿ ಮತ್ತೆ ಮುಚ್ಚಿ. ಎರಡೂ ಬಾಟಲಿಗಳ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಬರೆಯಿರಿ.