ಸ್ನೇಹಿತನಿಗೆ ಹೇಳತಕ್ಕ ಬುದ್ಧಿ

ಓದಿನಲ್ಲಿ ಮನಸ್ಸಿಲ್ಲದ ಸ್ನೇಹಿತನು ಹೊಲವನ್ನು ಅಡವಿಟ್ಟು ಕಾಲೇಜಿಗೆ ಹೊರಟರೆ ನಾವು ಸುಮ್ಮನಿರಬಹುದೋ? ಕೈಕೆಲಸವು ಕೀಳೆಂದು ಅವನು ಎಣಿಸಿದರೆ, ಆ ಎಣಿಕೆಯನ್ನು ಮೊದಲು ತೆಗೆಯತಕ್ಕದ್ದು. 1865ರಲ್ಲಿ ಪ್ಲೆಬ್ಸ್ಟ್ ಅಯ್ಯನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಲಾಗಿ, ಹೊಳೆಯ ಜೇಡಿಮಣ್ಣೇ ಅನೇಕ ಮನೆಗಳಿಗೆ ಅನ್ನವಾಯಿತು.

ಆದರೂ ಬರೇ ಕೂಲಿ ಸಾಲದು. ಕೆಲಸವು ಕಸುಬನ್ನು ಕಲಿಸಬೇಕು. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಲಿಯುವವನಿಗೆ ಕಲಿಯುವಾಗಲೇ ಭತ್ಯವುಂಟು. ಒಪ್ಪಂದವು ಬರವಣಿಗೆಯಲ್ಲಿದೆಯೋ ಎಂದು ಅವನು ಮೊದಲು ವಿಚಾರಿಸಲಿ. ಮುಂದೆ ಓದುವ ಮನಸ್ಸಾದರೆ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ದುಡಿಯುತ್ತಲೇ ಓದಬಹುದು.

ಓದಿನಲ್ಲಿ ಆಸೆಯುಳ್ಳವನನ್ನು ನಾವು ತಡೆಯಬಾರದು. ಆಸೆಯಿಲ್ಲದವನ ಹೆಗಲಿಗೆ ಸಾಲದ ನೊಗವನ್ನು ಕಟ್ಟಲೂ ಬಾರದು.