ತೂಗುಚೆಂಡಿನ ಅಭ್ಯಾಸ: ಬೆಳೆಯುವ ಕಾಲುಗಳಿಗೆ ಹಿತವಾಗುವಂತೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಸದ್ಭಕ್ತರು ತಮ್ಮ ಮಕ್ಕಳ ವಿಷಯದಲ್ಲಿ ನಮ್ಮ ಮುಂದೆ ಇಡುವ ದೂರುಗಳಲ್ಲಿ ಎರಡು ಬಗೆಯವು ಹೆಚ್ಚು. ಮಗು ಆಡುವುದೇ ಇಲ್ಲ, ಮೊಬೈಲ್ ಬಿಟ್ಟು ಏಳುವುದಿಲ್ಲ ಎಂಬುದು ಮೊದಲನೆಯದು. ಮಗುವಿಗೆ ಆಟದ ಹುಚ್ಚು ಹಿಡಿದಿದೆ, ಈಗ ಮೊಣಕಾಲು ನೋವೆಂದು ಕುಂಟುತ್ತಿದೆ ಎಂಬುದು ಎರಡನೆಯದು. ಈ ಎರಡು ದೂರುಗಳಿಗೂ ಸಂಬಂಧಿಸಿದ ಒಂದು ಸರಳ ಸಾಧನವನ್ನು ಕುರಿತು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ. ಅದು ಹಗ್ಗಕ್ಕೆ ಕಟ್ಟಿದ ಕಾಲ್ಚೆಂಡು. ಸರಿಯಾಗಿ ಕಟ್ಟಿದರೆ ಅದು ಮೊದಲನೆಯ ದೂರಿಗೆ ಪರಿಹಾರವಾಗುತ್ತದೆ. ತಪ್ಪಾಗಿ ಕಟ್ಟಿದರೆ ಎರಡನೆಯ ದೂರಿಗೆ ಕಾರಣವಾಗುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡ ಆಪತ್ತನ್ನು ತರುತ್ತದೆ.

ಈ ಸಾಧನ ಏಕೆ?

ಕಾಲ್ಚೆಂಡಾಟ ಕನ್ನಡ ನಾಡಿಗೆ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡವು ಫ್ರಾನ್ಸಿನ ಎದುರು 2–1ರಿಂದ ಸೋತಿತಾದರೂ, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಜಗತ್ತನ್ನು ಬೆರಗುಗೊಳಿಸಿದರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದಿತ್ತು. 1968–69ರ ನಂತರ ದೀರ್ಘಕಾಲ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ ಮತ್ತೆ ಪಡೆಯಿತು.

ಆದರೆ ಆಟಕ್ಕೆ ಬಯಲು ಬೇಕು, ಜೊತೆಗಾರರು ಬೇಕು. ಬಡಾವಣೆಯ ಮಕ್ಕಳಿಗೆ ಬಯಲಿಲ್ಲ. ತೋಟದ ಮನೆಯ ಮಕ್ಕಳಿಗೆ ಬಯಲಿದ್ದರೂ ಜೊತೆಗಾರರಿಲ್ಲ. ಸಂಜೆ ಮೈದಾನಕ್ಕೆ ಕಳುಹಿಸಲು ಹಿರಿಯರು ಹಿಂಜರಿಯುವ ಹೆಣ್ಣುಮಕ್ಕಳಿಗೆ ಇವೆರಡೂ ಇಲ್ಲ. ಕಾಲುಚೀಲದೊಳಗೆ ಚೆಂಡು ಹಾಕಿ, ಕೊಂಬೆಗೆ ತೂಗುಬಿಟ್ಟು ಬ್ಯಾಟ್ ಬೀಸುವುದನ್ನು ನಮ್ಮ ಊರುಗಳ ಹುಡುಗರು ತಾವೇ ಕಂಡುಕೊಂಡಿದ್ದಾರೆ. ಅದೇ ಉಪಾಯವನ್ನು ಕಾಲ್ಚೆಂಡಿಗೂ ಅನ್ವಯಿಸಬಹುದು. ಹಿತ್ತಿಲಿನ ಒಂದು ಮೂಲೆ, ಒಂದು ಗಟ್ಟಿ ಕೊಂಬೆ, ಒಂದು ಹಗ್ಗ ಇದ್ದರೆ ಸಾಕು.

ಚರಕಾಚಾರ್ಯರ ಅಳತೆಗೋಲು

ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಎಂಟನೆಯ ಅಧ್ಯಾಯದಲ್ಲಿ, ಮಕ್ಕಳ ಆಟಿಕೆಗಳು ಹೇಗಿರಬೇಕೆಂಬ ವಿಧಿಯಿದೆ. ಅವು ಬಣ್ಣಬಣ್ಣವಾಗಿರಬೇಕು, ಸದ್ದು ಮಾಡುವಂತಿರಬೇಕು, ಮನಸ್ಸಿಗೆ ಹಿತವಾಗಿರಬೇಕು. ಭಾರವಾಗಿರಬಾರದು, ಚೂಪಾದ ಮೊನೆಯಿರಬಾರದು, ಬಾಯಿಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಎರವಾಗಬಾರದು, ಹೆದರಿಕೆ ಹುಟ್ಟಿಸಬಾರದು. ಹಸುಳೆಗಳಿಗಾಗಿ ಹೇಳಿದ ಈ ಮಾತುಗಳನ್ನು ಹತ್ತು ಹನ್ನೆರಡು ವರ್ಷದ ಮಕ್ಕಳ ಆಟದ ಸಾಧನಕ್ಕೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದೆಂಬುದು ನಮ್ಮ ಅಭಿಪ್ರಾಯ. ಭಾರ, ಮೊನೆ, ಪ್ರಾಣಾಪಾಯ, ಹೆದರಿಕೆ ಎಂಬ ನಾಲ್ಕು ಅಂಶಗಳನ್ನು ತೂಗುಚೆಂಡಿನ ಪ್ರತಿಯೊಂದು ಭಾಗಕ್ಕೂ ಹಚ್ಚಿ ನೋಡೋಣ.

ಕಟ್ಟುವ ಕ್ರಮ

ಚೆಂಡು: ದೊಡ್ಡವರ ಆಟದ 5ನೆಯ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡು ವರ್ಷದವರಿಗೆ 350ರಿಂದ 390 ಗ್ರಾಂ ತೂಗುವ 4ನೆಯ ಅಳತೆಯ ಚೆಂಡು ತಕ್ಕದ್ದು. ಅದಕ್ಕಿಂತ ಚಿಕ್ಕವರಿಗೆ 3ನೆಯ ಅಳತೆ ಸಾಕು. ಅಣ್ಣನ ಚೆಂಡನ್ನೇ ತಮ್ಮನಿಗೂ ಕಟ್ಟಿಕೊಡುವುದು ಉಳಿತಾಯವಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಮಾತ್ರ ಗಾಳಿ ತುಂಬಬೇಕು. ಮಳೆಯಲ್ಲಿ ನೆನೆದು ಭಾರವಾದ ಹಳೆಯ ಚೆಂಡನ್ನು ಬಳಸಬಾರದು.

ಬಲೆಚೀಲ: ಚೆಂಡಿಗೆ ರಂಧ್ರ ಕೊರೆಯದೆ, ಹೆಣೆದ ಬಲೆಯ ಚೀಲದೊಳಗೆ ಇರಿಸಿ ಬಾಯಿಯನ್ನು ಬಿಗಿಯಾಗಿ ಕಟ್ಟಬೇಕು. ಗಂಟು ಚೆಂಡಿನ ಮೇಲ್ತುದಿಯಲ್ಲಿರಬೇಕು, ಕಾಲು ತಗಲುವ ಬದಿಯಲ್ಲಲ್ಲ. ತಂತಿ, ಲೋಹದ ಬಳೆ, ಮೊಳೆ ಇವು ಚೆಂಡಿನ ಹತ್ತಿರ ಎಲ್ಲಿಯೂ ಇರಕೂಡದು.

ಹಗ್ಗ: ಹೆಬ್ಬೆರಳಿನ ಅರ್ಧದಷ್ಟು ದಪ್ಪದ ನೂಲಿನ ಹಗ್ಗ ಉತ್ತಮ. ಚನ್ನರಾಯಪಟ್ಟಣದ ಕಡೆ ಸುಲಭವಾಗಿ ದೊರೆಯುವ ತೆಂಗಿನ ನಾರಿನ ಹಗ್ಗವೂ ಆಗಬಹುದು. ಆದರೆ ಅರಕಲಗೂಡಿನ ಮಳೆಗಾಲದಂತಹ ತೇವದಲ್ಲಿ ಹಗ್ಗವನ್ನು ವಾರಕ್ಕೊಮ್ಮೆ ಪರೀಕ್ಷಿಸಬೇಕು. ನೈಲಾನ್ ಹಗ್ಗ ಕೊಳೆಯದಿದ್ದರೂ, ಜಾರುವಾಗ ಚರ್ಮವನ್ನು ಸುಡುತ್ತದೆ, ಬಿಸಿಲಿಗೆ ಬಲಗುಂದುತ್ತದೆ. ಹಗ್ಗ ಹೊಸೆದುಕೊಳ್ಳದಂತೆ ಮೇಲ್ತುದಿಯಲ್ಲಿ ಸುತ್ತ ತಿರುಗುವ ಕೊಂಡಿಯೊಂದನ್ನು ಸೇರಿಸಬೇಕು.

ಆಧಾರ: ಮಾವು, ಹಲಸು, ಹುಣಸೆಯಂತಹ ಮರಗಳ ಹಸಿಯಾದ ದಪ್ಪ ಕೊಂಬೆ, ನೆಲದಿಂದ ಸುಮಾರು ಮೂರು ಮೀಟರ್ ಎತ್ತರದಲ್ಲಿರುವುದು, ಯೋಗ್ಯ. ನುಗ್ಗೆಯ ಕೊಂಬೆ ಲಟಕ್ಕನೆ ಮುರಿಯುತ್ತದೆ. ಕಾಯಿ ಬಿಟ್ಟ ತೆಂಗಿನ ಮರದ ಕೆಳಗೆ ಮಕ್ಕಳನ್ನು ಆಡಲು ನಿಲ್ಲಿಸಲೇಬಾರದು. ಹಗ್ಗ ಕೊಂಬೆಯನ್ನು ತಿಕ್ಕಿ ಸವೆಯದಂತೆ ನಡುವೆ ಹಳೆಯ ಟೈರಿನ ತುಂಡನ್ನೋ ಮಡಿಸಿದ ಗೋಣಿಯನ್ನೋ ಇಡಬೇಕು. ಕಟ್ಟಿದ ಮೇಲೆ ನೀರು ತುಂಬಿದ 20 ಲೀಟರಿನ ಕ್ಯಾನನ್ನು ಅದೇ ಹಗ್ಗಕ್ಕೆ ತೂಗುಬಿಟ್ಟು ಪರೀಕ್ಷಿಸಬೇಕು. ಚೆಂಡಿನ ತಳವು ನೆಲದಿಂದ ಎರಡು ಬೆರಳಿನಷ್ಟು ಮೇಲಿರಲಿ. ಸುತ್ತಲೂ ನಾಲ್ಕು ಮೀಟರ್ ಜಾಗ ಗೋಡೆ, ಕಲ್ಲು, ಬೇಲಿತಂತಿ ಏನೂ ಇಲ್ಲದೆ ತೆರವಾಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ತೂಗುವ ಹಗ್ಗವೆಂದರೆ ಚಿಕ್ಕ ಮಕ್ಕಳಿಗೆ ಜೋಕಾಲಿಯೇ. ಹಗ್ಗದಲ್ಲಿ ಎಲ್ಲಿಯೂ ಮಗುವಿನ ತಲೆ ತೂರುವಂತಹ ಕುಣಿಕೆ ಇರಬಾರದು. ಚೆಂಡನ್ನು ತೆಗೆದು ಬರಿಯ ಹಗ್ಗವನ್ನು ಕೊಂಬೆಯಲ್ಲಿ ಬಿಟ್ಟುಬಿಡಬಾರದು. ಆಟ ಮುಗಿದ ಕೂಡಲೇ ಹಿರಿಯರು ಹಗ್ಗವನ್ನು ಬಿಚ್ಚಿ ಒಳಗಿಡಬೇಕು. ಆಟಿಕೆ ಪ್ರಾಣಕ್ಕೆ ಎರವಾಗಬಾರದೆಂಬ ಆಚಾರ್ಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಬಲವಾಗಿ ಒದೆಯಲು ಇದು ತಕ್ಕುದಲ್ಲ

ಮೂರು ಮೀಟರ್ ಹಗ್ಗದಲ್ಲಿ ತೂಗುವ ಚೆಂಡು ಒಮ್ಮೆ ಹೋಗಿ ಬಂದು ಮತ್ತೆ ಹೊರಟ ಸ್ಥಿತಿಗೆ ಮರಳಲು ಸುಮಾರು ಮೂರೂವರೆ ಸೆಕೆಂಡು ಹಿಡಿಯುತ್ತದೆ. ಎರಡು ಮೀಟರ್ ಹಗ್ಗವಾದರೆ ಮೂರು ಸೆಕೆಂಡಿಗಿಂತ ತುಸು ಕಡಿಮೆ. ಮೆಲ್ಲಗೆ ಒದ್ದಾಗ ಈ ಲಯ ಕೆಡದು. ಕಾಲು ಅದನ್ನು ಬೇಗ ಕಲಿಯುತ್ತದೆ. ಆದರೆ ಚೆಂಡಿನ ವೇಗ ಗಂಟೆಗೆ 28 ಕಿಲೋಮೀಟರ್ ಆದರೆ ಅದು ಕೊಂಬೆಯ ಮಟ್ಟಕ್ಕೆ ಏರುತ್ತದೆ. ಅದಕ್ಕೂ ಮೀರಿದರೆ ಹಗ್ಗ ಸಡಿಲಗೊಂಡು ಚೆಂಡು ಅಡ್ಡಾದಿಡ್ಡಿಯಾಗಿ ಬೀಳುತ್ತದೆ. 44 ಕಿಲೋಮೀಟರ್ ದಾಟಿದರೆ ಕೊಂಬೆಯನ್ನೇ ಸುತ್ತಿ ಬರುತ್ತದೆ. ಆದ್ದರಿಂದ ತೂಗುಚೆಂಡು ಗುರಿ, ಲಯ, ಪಾದದ ಸ್ಪರ್ಶ ಇವುಗಳ ಅಭ್ಯಾಸಕ್ಕೆ ಮಾತ್ರ. ಚೆಂಡು ಎದೆಯ ಎತ್ತರವನ್ನು ಮೀರದಂತೆ ಒದೆಯುವುದೇ ನಿಯಮವಾಗಿರಲಿ.

ಬಲವಾದ ಒದೆತಕ್ಕೆಂದು ಕೆಲವರು ಚೆಂಡನ್ನು ರಬ್ಬರ್ ಹಗ್ಗದಿಂದ ನೆಲದ ಗೂಟಕ್ಕೆ ಕಟ್ಟುತ್ತಾರೆ. ಇದರ ಗುಣದೋಷವನ್ನು ತಿಳಿಯಬೇಕು. ಗಂಟೆಗೆ 72 ಕಿಲೋಮೀಟರ್ ವೇಗದ ಚೆಂಡನ್ನು ಹಿಗ್ಗದ ಹಗ್ಗವೊಂದು 10 ಸೆಂಟಿಮೀಟರಿನೊಳಗೆ ತಡೆದರೆ, ಹಗ್ಗದ ಮೇಲೆ ಬೀಳುವ ಎಳೆತ ಸರಾಸರಿ 88 ಕಿಲೋ ಭಾರಕ್ಕೆ ಸಮ. ಅದೇ ಚೆಂಡನ್ನು ಎರಡು ಮೀಟರ್ ಹಿಗ್ಗಿ ತಡೆದರೆ ಸರಾಸರಿ ನಾಲ್ಕೂವರೆ ಕಿಲೋಗೂ ಕಡಿಮೆ. ಹೀಗಾಗಿ ಹಿಗ್ಗುವ ಹಗ್ಗದಿಂದ ಗೂಟಕ್ಕೆ ಸುಖ. ಆದರೆ ಹಿಗ್ಗಿದ ರಬ್ಬರು ತಾನು ಪಡೆದ ಶಕ್ತಿಯನ್ನು ಬಹುಪಾಲು ಹಿಂದಿರುಗಿಸುತ್ತದೆ. ಚೆಂಡು ಒದೆದವನ ಮುಖಕ್ಕೇ ಬರಬಹುದು. ರಬ್ಬರು ಹರಿದರೆ ಅದರ ತುದಿ, ಗೂಟ ಕಿತ್ತರೆ ಗೂಟವೇ ಕಣ್ಣಿಗೆ ಬಡಿಯಬಹುದು. ಮಕ್ಕಳಿಗೆ ಈ ಬಗೆಯ ಸಾಧನವನ್ನು ಕಟ್ಟಿಕೊಡಬಾರದೆಂಬುದು ನಮ್ಮ ಸ್ಪಷ್ಟ ಸಲಹೆ. ಬಲದ ಒದೆತವನ್ನು ಕಟ್ಟಿಲ್ಲದ ಚೆಂಡಿನಿಂದ, ಬಯಲಿನಲ್ಲಿಯೇ ಕಲಿಯಲಿ.

ತೂಗುಚೆಂಡಿಗೆ ತಲೆ ಕೊಡುವುದನ್ನೂ ಮಕ್ಕಳಿಗೆ ಕಲಿಸಬಾರದು. ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸಕೂಡದೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲಿ ಸೂಚಿಸಿತು. ಬೆಳೆಯುತ್ತಿರುವ ಮಿದುಳಿನ ಮೇಲಿನ ಕಾಳಜಿಯೇ ಅದಕ್ಕೆ ಕಾರಣ.

ಎಷ್ಟು ಒದೆಯಬೇಕು?

ಬಯಲಿನಲ್ಲಿ ಒದ್ದ ಚೆಂಡನ್ನು ಓಡಿಹೋಗಿ ತರಬೇಕು. ಆ ಓಡಾಟದಲ್ಲಿ ಒದೆಯುವ ಸ್ನಾಯುವಿಗೂ ಕೀಲಿಗೂ ತಾನಾಗಿ ವಿಶ್ರಾಂತಿ ದೊರೆಯುತ್ತದೆ. ತೂಗುಚೆಂಡು ತಾನೇ ಮರಳಿ ಬರುವುದರಿಂದ ಆ ವಿಶ್ರಾಂತಿ ಇಲ್ಲವಾಗುತ್ತದೆ. ಮೂರೂವರೆ ಸೆಕೆಂಡಿಗೊಂದರಂತೆ ಒದ್ದರೆ ಹತ್ತು ನಿಮಿಷಕ್ಕೆ 170 ಒದೆತಗಳಾದವು, ಅದೂ ಬಹುಪಾಲು ಒಂದೇ ಕಾಲಿನಿಂದ. ಸಾಧನದ ಸೌಕರ್ಯವೇ ಅದರ ದೋಷವಾಗುವುದು ಇಲ್ಲಿಯೇ.

ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮೂಳೆಗಳು ಬೇಗ ಬೆಳೆಯುತ್ತವೆ; ಸ್ನಾಯುಗಳು ಹಿಂದೆ ಬಿದ್ದು ಬಿಗಿಯಾಗುತ್ತವೆ. ಮೊಣಕಾಲ ಚಿಪ್ಪಿನ ಕೆಳಗೆ, ತೊಡೆಯ ಮುಂದಿನ ಸ್ನಾಯು ಬಂದು ಸೇರುವ ಮೂಳೆಯ ಉಬ್ಬು ಪದೇ ಪದೇ ಎಳೆತಕ್ಕೆ ಸಿಕ್ಕು ನೋಯುವುದನ್ನು ಆಧುನಿಕ ವೈದ್ಯರು ಆಸ್ಗುಡ್–ಶ್ಲಾಟರ್ ಎಂದು ಕರೆಯುತ್ತಾರೆ. ಹಿಮ್ಮಡಿಯಲ್ಲಿ ಇಂತಹುದೇ ನೋವಿಗೆ ಸೀವರ್ ಎಂದು ಹೆಸರು. ಇವು ವಿಶ್ರಾಂತಿಯಿಂದ ಶಮನವಾಗುವಂಥವು; ನೋವನ್ನು ಲೆಕ್ಕಿಸದೆ ಆಡಿದರೆ ತಿಂಗಳುಗಟ್ಟಲೆ ಕಾಡುವಂಥವು.

ಅಷ್ಟಾಂಗಹೃದಯವು ವ್ಯಾಯಾಮವನ್ನು ವರ್ಜಿಸಬೇಕಾದವರ ಸಾಲಿನಲ್ಲಿ ಬಾಲರನ್ನೂ ಸೇರಿಸಿದೆ. ಹಾಗಾದರೆ ಮಕ್ಕಳಿಗೆ ಈ ಅಭ್ಯಾಸ ಸಲ್ಲುವುದೇ ಎಂಬ ಪ್ರಶ್ನೆ ಏಳುವುದು ಸಹಜ. ಶರೀರಕ್ಕೆ ಆಯಾಸ ತರುವ ಕರ್ಮವೇ ವ್ಯಾಯಾಮವೆಂದು ಶಾಸ್ತ್ರದ ಅರ್ಥ. ಆಟವನ್ನು ಆಚಾರ್ಯರು ನಿಷೇಧಿಸಲಿಲ್ಲ. ಆಟಿಕೆಗಳಿಗೆ ವಿಧಿಯನ್ನೇ ಬರೆದರು. ಆದುದರಿಂದ ಮಗುವಿನ ಅಭ್ಯಾಸ ಆಟವಾಗಿಯೇ ಉಳಿಯಬೇಕು, ದಣಿವಿನ ದುಡಿಮೆಯಾಗಬಾರದು ಎಂದು ನಾವು ಇದನ್ನು ಅರ್ಥ ಮಾಡಿಕೊಳ್ಳುತ್ತೇವೆ. ಬಲವುಳ್ಳ ದೊಡ್ಡವರಿಗೂ ಶಾಸ್ತ್ರ ಹೇಳಿರುವುದು ಅರ್ಧಶಕ್ತಿಯ ವ್ಯಾಯಾಮವನ್ನೇ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಚಳಿಗಾಲ ಮತ್ತು ವಸಂತದಲ್ಲಿ ಅಷ್ಟು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ.

ಅಭ್ಯಾಸಕ್ರಮ

1. ಊಟವಾದ ಎರಡು ಗಂಟೆಯೊಳಗೆ ಬೇಡ. ಚಳಿಗಾಲದ ಮುಂಜಾನೆ ಇಬ್ಬನಿಯ ಹುಲ್ಲು ಜಾರುವುದರಿಂದ ಬಿಸಿಲು ಏರಿದ ಮೇಲೆ ಅಥವಾ ಸಂಜೆ ಆಡಲಿ. ಬರಿಗಾಲು ಬೇಡ, ಶೂ ಇರಲಿ.

2. ಮೊದಲ ಐದು ನಿಮಿಷ ನಡಿಗೆ, ಮೆಲುಓಟ, ಹಿಮ್ಮಡಿ ಎತ್ತುವುದು, ಒಂಟಿಕಾಲಿನ ಮೇಲೆ ನಿಲ್ಲುವುದು.

3. ನಿಂತ ಕಾಲು ಚೆಂಡಿನ ಪಕ್ಕದಲ್ಲಿ ಒಂದು ಗೇಣು ದೂರದಲ್ಲಿರಲಿ, ಅದರ ಮೊಣಕಾಲು ತುಸು ಮಡಿಸಿರಲಿ. ಒದೆಯುವ ಪಾದದ ಹರಡು ಬಿಗಿಯಾಗಿರಲಿ. ಪಾದದ ಒಳಬದಿ ಅಥವಾ ಮೇಲ್ಭಾಗ ಚೆಂಡಿಗೆ ತಗಲಬೇಕು, ಬೆರಳ ತುದಿಯಲ್ಲ.

4. ಚೆಂಡು ಕೆಳಗಿನ ತುದಿಗೆ ಮರಳಿ ನಿಧಾನವಾಗಿ ಬಂದಾಗ ಒದೆಯಲಿ. ಬಲಗಾಲಿನಿಂದ 15, ಎಡಗಾಲಿನಿಂದ 15. ನಂತರ ಎರಡು ನಿಮಿಷ ವಿಶ್ರಾಂತಿ. ಇಂತಹ ಮೂರು ಸುತ್ತು ಸಾಕು. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೇಡ.

5. ಮುಗಿದ ಮೇಲೆ ತೊಡೆ, ಮೀನಖಂಡಗಳನ್ನು ಮೆಲ್ಲಗೆ ಚಾಚಿ, ಕೈಯಿಂದ ಹಿತವಾಗಿ ನೀವಿಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ಬೆಚ್ಚಗಿನ ಎಳ್ಳೆಣ್ಣೆಯ ಪಾದಾಭ್ಯಂಗ ಉತ್ತಮ.

ನೋವಾದಾಗ

ಸುಶ್ರುತಾಚಾರ್ಯರು ಹೇಳಿದ 107 ಮರ್ಮಗಳಲ್ಲಿ ಪ್ರತಿ ಕಾಲಿಗೂ ಹನ್ನೊಂದಿವೆ. ಹರಡಿನ ಗುಲ್ಫಮರ್ಮಕ್ಕೆ ಪೆಟ್ಟಾದರೆ ತೀವ್ರ ನೋವು, ಮೊಣಕಾಲಿನ ಜಾನುಮರ್ಮಕ್ಕಾದರೆ ಕುಂಟು ಎಂದು ಅವರು ಎಚ್ಚರಿಸಿದ್ದಾರೆ. ಉಳುಕಿದ ಹರಡನ್ನು ಕೂಡಲೇ ಎಳೆದು ತಿಕ್ಕಿಸುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದು ಸಲ್ಲದು. ಮೊದಲ ಎರಡು ದಿನ ವಿಶ್ರಾಂತಿ, ತಣ್ಣೀರಿನ ಬಟ್ಟೆ, ಹದವಾದ ಕಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡುವುದು, ಇಷ್ಟೇ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಅಥವಾ ಮೂಳೆಯನ್ನು ಮುಟ್ಟಿದರೆ ನೋಯುತ್ತಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಕಣ್ಣಿಗೆ ಪೆಟ್ಟಾದರೆ ಹಾಲು, ಎಲೆಯ ರಸ ಏನನ್ನೂ ಹಾಕದೆ, ಉಜ್ಜದೆ, ಅಂದೇ ನೇತ್ರತಜ್ಞರ ಬಳಿ ಕರೆದೊಯ್ಯಬೇಕು. ಮೊಣಕಾಲ ಕೆಳಗೆ ಅಥವಾ ಹಿಮ್ಮಡಿಯಲ್ಲಿ ಒಂದು ವಾರ ನೋವು ನಿಂತರೆ ಒದೆತವನ್ನು ಬಿಡಿಸಿ ವೈದ್ಯರಿಗೆ ತೋರಿಸಬೇಕು. ನೋವಿನ ಮಾತ್ರೆ ನುಂಗಿಸಿ ಆಡಿಸುವುದು ಅಪಾಯಕರ.

ಕಟ್ಟಿದ ಚೆಂಡು ಅಕ್ಷರಾಭ್ಯಾಸದ ಹಲಗೆಯಿದ್ದಂತೆ. ಉರುಳುವ ಚೆಂಡನ್ನು ತಡೆಯುವುದು, ಜೊತೆಗಾರನಿಗೆ ದಾಟಿಸುವುದು, ಸೋತು ನಗುವುದು, ಇವನ್ನು ಅದು ಕಲಿಸಲಾರದು. ಅಭ್ಯಾಸ ಹಿತ್ತಿಲಿನಲ್ಲಿ ಆರಂಭವಾಗಲಿ, ವಾರಕ್ಕೊಮ್ಮೆಯಾದರೂ ಶಾಲೆಯ ಬಯಲಿಗೆ ಹೋಗಲಿ. ಹಗ್ಗ ಕಟ್ಟುವವರೂ ಬಿಚ್ಚುವವರೂ ಮನೆಯ ಹಿರಿಯರೇ ಆಗಿದ್ದು, ಆ ಅರ್ಧ ಗಂಟೆ ಮಗುವಿನ ಬಳಿ ನಿಂತರೆ, ಆರಂಭದಲ್ಲಿ ಹೇಳಿದ ಎರಡು ದೂರುಗಳೂ ಬಹುಮಟ್ಟಿಗೆ ಕಡಿಮೆಯಾದಾವು.