ಮೊದಲ ವಿದೇಶ ಪ್ರವಾಸ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು

ಹೊರದೇಶಕ್ಕೆ ಮೊದಲ ಸಲ ಹೊರಟ ಮನೆಯವರ ಖರ್ಚಿನ ಚೀಟಿಯಲ್ಲಿ ವಿಮಾನದ ಟಿಕೆಟ್, ಹೋಟೆಲ್, ಊಟ, ಒಂದಿಷ್ಟು ಖರೀದಿ ಎಂದು ನಾಲ್ಕು ಸಾಲು ಇರುತ್ತವೆ. ಕೈ ಸುಡುವುದು ಚೀಟಿಗೆ ಬಾರದ ಖರ್ಚು. ಪಾಸ್‌ಪೋರ್ಟ್ ‘ಮಾಡಿಸಿಕೊಡುವವನಿಗೆ’ ಒಂದಿಷ್ಟು, ಮನೆ ಬಾಗಿಲಿಗೆ ಬಂದ ಪೊಲೀಸರಿಗೆ ‘ಕಾಫಿ ಖರ್ಚು’, ಬಿಟ್ಟಿ ಸಿಗುವ ಅರ್ಜಿಗೆ ಯಾವುದೋ ವೆಬ್‌ಸೈಟಿನಲ್ಲಿ ಡಾಲರ್ ಲೆಕ್ಕದ ಶುಲ್ಕ, ಕೊನೆಗೆ ರಸೀದಿಯೇ ಇಲ್ಲದೆ ಏಜೆಂಟನಿಗೆ ಕೊಟ್ಟ ಮುಂಗಡ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಂಥ ಊರಿನವರಿಗೆ ಈ ಖರ್ಚು ಪೇಟೆಯವರಿಗಿಂತ ಹೆಚ್ಚೇ ಬೀಳುತ್ತದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣವೇನೋ ಹತ್ತಿರದಲ್ಲಿದೆ, ಆದರೆ ಅಲ್ಲಿಗೆ ಮುಟ್ಟಿಸುವ ಕಾಗದಗಳ ದಾರಿಯಲ್ಲಿ ನಡುವೆ ನಿಂತು ಕೈಯೊಡ್ಡುವವರು ಬಹಳ. ಈ ಖರ್ಚುಗಳಲ್ಲಿ ಬಹುಪಾಲಿಗೆ ಕಾನೂನೇ ದರ ಗೊತ್ತುಮಾಡಿದೆ, ಅಥವಾ ದರವೇ ಇಲ್ಲ ಎಂದಿದೆ.

ಮೊದಲು ಪಾಸ್‌ಪೋರ್ಟ್. ಅದು ಸರ್ಕಾರ ಮನಸ್ಸು ಬಂದರೆ ಕೊಡುವ ಕಾಗದ ಎಂಬ ಭಾವನೆ ಹಿರಿಯರಲ್ಲಿ ಇನ್ನೂ ಇದೆ. 1967ರವರೆಗೆ ಅದು ನಿಜವೂ ಆಗಿತ್ತು. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದೂ ಸಂವಿಧಾನದ 21ನೇ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ತೀರ್ಪು ಇನ್ನೂ ಮುಂದೆ ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಕ್ರಮ ನ್ಯಾಯಯುತವಾಗಿರಬೇಕು, ಆ ವ್ಯಕ್ತಿಯ ಮಾತನ್ನೂ ಕೇಳಬೇಕು ಎಂದು ಹೇಳಿತು. ಆದ್ದರಿಂದ ಅರ್ಜಿ ತಿರಸ್ಕರಿಸಿದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕು, ಸಾಮಾನ್ಯವಾಗಿ ಕೇಳಿದಾಗ ಅದರ ಪ್ರತಿ ಕೊಡಬೇಕು. ಅದರ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ‘ಆಗಲ್ಲ ಹೋಗಿ’ ಎಂಬ ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

ವಯಸ್ಕರಿಗೆ 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ಹತ್ತು ವರ್ಷ ಬಾಳುತ್ತದೆ. ಅರ್ಜಿ ಹಾಕುವುದು, ಹಣ ಕಟ್ಟುವುದು ಎಲ್ಲವೂ ಪಾಸ್‌ಪೋರ್ಟ್ ಸೇವಾ ಎಂಬ ಸರ್ಕಾರಿ ತಾಣದಲ್ಲೇ. ಹೆಸರು, ಬಣ್ಣ, ಲಾಂಛನ ಎಲ್ಲ ಅದನ್ನೇ ಹೋಲುವ ನಕಲಿ ತಾಣಗಳಿವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣಗಳಿಗೆ ಮಾತ್ರ ಸಿಗುವ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಸೈಬರ್ ಅಂಗಡಿಯವನು ಅರ್ಜಿ ತುಂಬಿಕೊಟ್ಟದ್ದಕ್ಕೆ ನೂರಿನ್ನೂರು ಕೇಳಿದರೆ ಅದು ಅವನ ಕೂಲಿ, ತಪ್ಪಲ್ಲ. ‘ಒಳಗೆ ಗೊತ್ತಿದೆ, ಬೇಗ ಮಾಡಿಸುತ್ತೇನೆ’ ಎಂದು ಸಾವಿರಗಳಲ್ಲಿ ಕೇಳಿದರೆ ಎದ್ದು ಬನ್ನಿ.

ಅರ್ಜಿಯಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಉದಾಹರಣೆಗೆ ಆಧಾರ್‌ನಲ್ಲಿ ‘ಎಂ. ಆರ್. ರಂಗಸ್ವಾಮಿ’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ರಂಗಸ್ವಾಮಯ್ಯ’, ಮತದಾರರ ಚೀಟಿಯಲ್ಲಿ ಬರೀ ‘ರಂಗಸ್ವಾಮಿ’. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್‌ಗಳನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂ ಖಾಲಿ ಬಿಡಬಹುದು, ಪಾಸ್‌ಪೋರ್ಟೂ ಬರುತ್ತದೆ. ತೊಡಕು ಬರುವುದು ಆಮೇಲೆ. 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಒಳಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಪರವಾಗಿಲ್ಲ ಎಂಬ ವಿನಾಯಿತಿ ಬಳಿಕ ಬಂತು. ದುಬೈ ಕನಸಿರುವವರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಕಾಲಂನಲ್ಲಿ ತುಂಬುವುದು ಜಾಣತನ, ಆದರೆ ಅದಕ್ಕೂ ಮೊದಲು ಆಧಾರ್ ತಿದ್ದಿಸಿಕೊಳ್ಳಿ. ವಿಳಾಸದ್ದೂ ಇದೇ ಕಥೆ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿತು, ಮನೆಯ ಕಾಗದಗಳಲ್ಲಿ ಎರಡೂ ಸಿಗುತ್ತವೆ. ಕೊಡುವ ದಾಖಲೆಯಲ್ಲಿ ಏನಿದೆಯೋ ಅರ್ಜಿಗೂ ಅದಕ್ಕೂ ತಾಳೆಯಾಗಬೇಕು. ಜನನ ಪ್ರಮಾಣಪತ್ರವೇ ಬೇಕು ಎಂಬ ನಿಯಮ 2023ರ ಅಕ್ಟೋಬರ್ 1 ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಮಾತ್ರ. ಅಜ್ಜಿಯ ಜನನ ದಾಖಲೆ ಹುಡುಕಿಕೊಂಡು ತಾಲ್ಲೂಕು ಕಚೇರಿ ಅಲೆಯಬೇಕಿಲ್ಲ. ಪ್ಯಾನ್ ಅಥವಾ ಮತದಾರರ ಚೀಟಿ ಸಾಕು.

ಪೊಲೀಸ್ ಪರಿಶೀಲನೆಗೆ ಅರ್ಜಿದಾರ ಬೇರೆ ಹಣ ಕೊಡಬೇಕಿಲ್ಲ. ಇದನ್ನು ಎಲ್ಲರೂ ಬಲ್ಲರು, ಆದರೂ ಕೊಡುತ್ತಾರೆ, ‘ವರದಿ ಉಲ್ಟಾ ಬರೆದರೆ?’ ಎಂಬ ಅಂಜಿಕೆಯಿಂದ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಲಂಚ ಕೊಡುವವನೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸಿದರೆ ಇನ್ನೂ ಒಳ್ಳೆಯದು. ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ತೀರ್ಪಿನಿಂದ ರದ್ದಾದ ಮೇಲೆ ಲಂಚದ ದೂರುಗಳ ತನಿಖೆಯ ಅಧಿಕಾರ ಮತ್ತೆ ಲೋಕಾಯುಕ್ತಕ್ಕೇ ಬಂದಿದೆ.

ಅಣ್ಣತಮ್ಮಂದಿರ ಭಾಗದ ದಾವೆ ಮಾಗಡಿ ಕೋರ್ಟಿನಲ್ಲಿದೆ, ಪಾಸ್‌ಪೋರ್ಟ್ ಸಿಗುತ್ತದೆಯೇ ಎಂದು ಕೇಳುವವರುಂಟು. ಸಿವಿಲ್ ದಾವೆ ಬಾಕಿ ಇರುವುದೊಂದೇ ಅಡ್ಡಿಯಲ್ಲ. ಬದುವಿನ ಜಗಳ ಹೊಡೆದಾಟಕ್ಕೆ ತಿರುಗಿ ಕ್ರಿಮಿನಲ್ ಪ್ರಕರಣ ಕೋರ್ಟಿನಲ್ಲಿದ್ದರೆ ಮಾತ್ರ ಬೇರೆ ಮಾತು. ಆಗಲೂ ಬಾಗಿಲು ಪೂರ್ತಿ ಮುಚ್ಚಿಲ್ಲ, ಆ ಕೋರ್ಟಿನಿಂದಲೇ ಅನುಮತಿ ತಂದರೆ 1993ರ ಅಧಿಸೂಚನೆಯಂತೆ ಪಾಸ್‌ಪೋರ್ಟ್ ಪಡೆಯಬಹುದು. ಪ್ರಕರಣವನ್ನು ಮುಚ್ಚಿಟ್ಟು ಅರ್ಜಿ ಹಾಕಿದರೆ ಎರಡು ವರ್ಷದವರೆಗೆ ಸಜೆ ಆಗಬಹುದಾದ ಬೇರೆಯೇ ಅಪರಾಧ.

ಪಾಸ್‌ಪೋರ್ಟಿನ ಗೋಜೇ ಬೇಡ ಎನ್ನುವವರಿಗೆ ನೇಪಾಳ, ಭೂತಾನ್ ಇವೆ. ಹಳ್ಳಿಗಳ ಕಡೆಯಿಂದ ಕಾಶಿಯಾತ್ರೆ ಹೊರಟವರು ಹಾಗೆಯೇ ಪಶುಪತಿನಾಥನ ದರ್ಶನ ಮುಗಿಸಿ ಬರುವುದು ಹೊಸತೇನಲ್ಲ. ಅಲ್ಲಿನ ಗರ್ಭಗುಡಿಯ ಅರ್ಚಕರು ಕರ್ನಾಟಕ ಮೂಲದ ಭಟ್ಟರೇ. ಆದರೆ ಆಧಾರ್ ಕಾರ್ಡ್ ಹಿಡಿದು ಹೊರಟರೆ ನಡೆಯುವುದಿಲ್ಲ. 15ರಿಂದ 65 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿಯೇ ಬೇಕು. ಆಧಾರ್ ನಡೆಯುವುದು ಅದಕ್ಕಿಂತ ಹಿರಿಯರಿಗೆ, ಕಿರಿಯರಿಗೆ. ಭೂತಾನ್ ಅಗ್ಗ ಎಂದುಕೊಂಡವರು ತಲೆಗೆ ದಿನವೊಂದಕ್ಕೆ 1,200 ರೂಪಾಯಿಯ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಥಾಯ್ಲೆಂಡ್‌ಗಾದರೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಅಲ್ಲಿನ ವಲಸೆ ಇಲಾಖೆಯ ತಾಣದಲ್ಲಿ ತುಂಬಬೇಕು, ಒಂದು ಪೈಸೆಯೂ ಇಲ್ಲ. ಹಣ ಕೇಳಿದ ತಾಣ ಅದಲ್ಲ. ಕೊಟ್ಟು ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ವರ್ಗಕ್ಕೆ ಸೇರುತ್ತದೆ. ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ, ಯುಎಇ ಸೇರಿದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇವರಿಗೆ ವಲಸೆ ಅನುಮತಿ ಬೇಕು. ಪ್ರವಾಸಕ್ಕೆ ಬೇಡ, ಮರಳುವ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ. ಇದರ ಮಗ್ಗುಲಲ್ಲೇ ಒಂದು ಉರುಳಿದೆ. ‘ಪ್ರವಾಸಿಯಾಗಿ ಬಾ, ಅಲ್ಲಿ ಕೆಲಸ ಕೊಡಿಸುತ್ತೇವೆ’ ಎಂದು ಬ್ಯಾಂಕಾಕ್‌ಗೆ ಕರೆಸಿ ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೋಟೆಗಳಿಗೆ ನೂಕಿದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ವಿದೇಶದ ಕೆಲಸಕ್ಕೆ ಜನ ಸೇರಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಲೇಬೇಕು. ಇ-ಮೈಗ್ರೇಟ್ ತಾಣದಲ್ಲಿ ಅವನ ಹೆಸರು ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ತೆರಿಗೆ ಎಂದರೆ ರೇಷ್ಮೆ ಬೆಳೆಗಾರರು, ಹೈನು ಮಾಡುವವರು ನಮಗಲ್ಲ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಮುಚ್ಚಬಾರದು. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಏಜೆನ್ಸಿ ಟಿಸಿಎಸ್ ಎಂದು ತೆರಿಗೆ ವಸೂಲಿ ಮಾಡಿ ನಿಮ್ಮ ಪ್ಯಾನ್ ಹೆಸರಿಗೆ ಕಟ್ಟುತ್ತದೆ. ಹತ್ತು ಲಕ್ಷದವರೆಗೆ ಶೇ 5 ಇದ್ದದ್ದನ್ನು 2026ರ ಬಜೆಟ್ ಶೇ 2ಕ್ಕೆ ಇಳಿಸಿತು. ಇದು ಹೋದ ದುಡ್ಡಲ್ಲ. ನಿಮಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಪೂರ್ತಿ ವಾಪಸ್ ಪಡೆಯಬಹುದು, ಸಲ್ಲಿಸದವರದು ಅಲ್ಲೇ ಉಳಿಯುತ್ತದೆ. ಟಿಕೆಟನ್ನೊಂದು ಕಡೆ, ಹೋಟೆಲನ್ನೊಂದು ಕಡೆ ಬಿಡಿಬಿಡಿಯಾಗಿ ಬುಕ್ ಮಾಡಿಕೊಂಡರೆ ಅದು ಪ್ಯಾಕೇಜೇ ಅಲ್ಲ, ಈ ವಸೂಲಿಯೂ ಇಲ್ಲ. ಇನ್ನೊಂದು: ವರ್ಷಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ವಿದೇಶ ಪ್ರಯಾಣಕ್ಕೆ ಖರ್ಚು ಮಾಡಿದವರು, ಆದಾಯ ಎಷ್ಟೇ ಕಡಿಮೆಯಿರಲಿ, ರಿಟರ್ನ್ ಸಲ್ಲಿಸಲೇಬೇಕು. ನಾಲ್ಕು ಜನರ ಕುಟುಂಬಕ್ಕೆ ಯಜಮಾನನೊಬ್ಬನೇ ಹಣ ಕಟ್ಟಿದರೆ ಈ ಗೆರೆ ಸುಲಭವಾಗಿ ದಾಟುತ್ತದೆ.

ಮೈಮೇಲಿನ ಚಿನ್ನದ ವಿಷಯ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ಮದುವೆಯ ಒಡವೆ ಹಾಕಿಕೊಂಡೇ ಹೊರಡುವುದಾದರೆ, ಹೋಗುವಾಗಲೇ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಖರೀದಿ ಬಿಲ್ ಇದ್ದರೆ ಜೊತೆಗಿರಲಿ. ಅಲ್ಲಿಂದ ಚಿನ್ನ ತರುವವರಿಗೆ ಸುಂಕದ ರಿಯಾಯಿತಿ ಸಿಗುವುದು ಒಂದು ವರ್ಷಕ್ಕೂ ಹೆಚ್ಚು ಹೊರಗಿದ್ದವರಿಗೆ, ವಾರದ ಪ್ರವಾಸಿಗಲ್ಲ. 2025ರ ಮಾರ್ಚ್‌ನಲ್ಲಿ ಬೆಂಗಳೂರು ನಿಲ್ದಾಣದಲ್ಲಿ 14 ಕೆ.ಜಿ.ಗೂ ಮೀರಿದ ಚಿನ್ನ ಸಿಕ್ಕಿಬಿದ್ದ ಪ್ರಕರಣ ನಾಡಿಗೆಲ್ಲ ಗೊತ್ತು. ‘ನಮ್ಮ ಹುಡುಗನಿಗೆ ತಲುಪಿಸಿಬಿಡಿ’ ಎಂದು ಯಾರಾದರೂ ಪೊಟ್ಟಣ ಕೊಟ್ಟರೆ ಮುಖ ಮುರಿದರೂ ಸರಿ, ಒಲ್ಲೆ ಎನ್ನಿ. ಮಾದಕ ವಸ್ತುವಿಗೆ ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಗಲ್ಲು, ಗುಂಡಿನ ಶಿಕ್ಷೆಯವರೆಗೂ ಕಾನೂನು ಇದೆ. ಫುಕೆಟ್‌ನಲ್ಲೋ ಬಾಲಿಯಲ್ಲೋ ಬಾಡಿಗೆ ಸ್ಕೂಟರ್ ಓಡಿಸುವ ಉಮೇದಿನ ಹುಡುಗರು ಆರ್‌ಟಿಒ ಕಚೇರಿಯಲ್ಲಿ 1,000 ರೂಪಾಯಿಗೆ ಸಿಗುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದೇ ಹೋಗಲಿ. ಪರವಾನಗಿ ಇಲ್ಲದೆ ಬಿದ್ದರೆ ವಿಮೆ ಕಂಪನಿ ಕೈ ಎತ್ತುವ ಸಾಧ್ಯತೆಯೇ ಹೆಚ್ಚು. ಸಾಮಾನು ಹಾಳಾಗಿ ಬಂದರೆ ನಿಲ್ದಾಣದಿಂದ ಹೊರಬೀಳುವ ಮುನ್ನವೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ. ಲಿಖಿತ ದೂರಿಗೆ ಕೊನೆಯ ಗಡುವು ಏಳು ದಿನ, ತಡವಾಗಿ ಬಂದ ಸಾಮಾನಿಗೆ 21 ದಿನ.

ಉಳಿದದ್ದು ಏಜೆಂಟ್. ಎಲ್ಲಕ್ಕಿಂತ ಹೆಚ್ಚು ಹಣ ಮುಳುಗುವುದು ಇಲ್ಲೇ, ಅದೂ ಬಹುಪಾಲು ಗುರುತಿನವರ ಕೈಯಲ್ಲೇ. ಸಂಘದ ಹೆಂಗಸರು ಚೀಟಿ ಹಣ ಎತ್ತಿ ಒಟ್ಟಾಗಿ ಹೊರಡುವಾಗ, ‘ನಮ್ಮವನೇ ಬಿಡಿ’ ಎಂದು ರಸೀದಿ ಕೇಳುವುದಿಲ್ಲ. ಕೇಳಬೇಕು. ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್, ಯಾವ ಹೋಟೆಲ್, ಎಷ್ಟು ಊಟ, ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಎಂಬುದು ಬರಹದಲ್ಲಿ, ಹಣ ಸಂಸ್ಥೆಯ ಬ್ಯಾಂಕ್ ಖಾತೆಗೆ. ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ, ಅದೂ ಸಾಕ್ಷ್ಯವಾಗುತ್ತದೆ. ಏಜೆಂಟನ ಮೂಲಕ ಕೊಂಡ ಟಿಕೆಟ್ ರದ್ದಾದಾಗ ಮರುಪಾವತಿಯ ಹೊಣೆ ವಿಮಾನ ಕಂಪನಿಯದೇ ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ ಹೇಳಿದೆ. ಕಂಪನಿ ಏಜೆಂಟನನ್ನು ತೋರಿಸಿ, ಏಜೆಂಟ್ ಕಂಪನಿಯನ್ನು ತೋರಿಸಿ ಅಲೆದಾಡಿಸಿದರೆ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಿ.

ಪ್ಯಾಕೇಜಿನಲ್ಲಿ ಹೇಳಿದ್ದೊಂದು, ಮಾಡಿದ್ದೊಂದು ಆದರೆ ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ. ಕೆಲವೊಮ್ಮೆ ಅಷ್ಟಕ್ಕೇ ಹಣ ಬರುವುದುಂಟು. ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಮುಂಬೈಯದಾದರೂ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆ ಹೇಳುತ್ತದೆ. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಎಂದಿಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು ಎರಡು ವರ್ಷ. ವಕೀಲರು ಬೇಕೆನಿಸಿದ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕಡಿಮೆ ಆದಾಯದವರು 15100ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಉಚಿತ ನೆರವು ಕೇಳಬಹುದು. ಆಯೋಗ ನಿಮ್ಮ ಪರ ಆದೇಶ ಮಾಡಿದರೆ ಏಜೆನ್ಸಿಗೆ ಮೇಲ್ಮನವಿಗೆ 45 ದಿನ ಇರುತ್ತದೆ, ಅದನ್ನು ಹಾಕಬೇಕಾದರೂ ಕೊಡಬೇಕಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಟ್ಟಿರಬೇಕು.